ಮಾರುತಿ 800ಕ್ಕೆ ಮನೆಯಲ್ಲೇ ಕಟ್ಟಿದ ಟೈಮಿಂಗ್ ಲೈಟ್

ಕಾರ್ಬುರೇಟರ್ ಕಾಲದ ಮಾರುತಿ 800 ಇಟ್ಟುಕೊಂಡವರಿಗೆ ದಾವಣಗೆರೆಯಲ್ಲಿ ಸಾಮಾನಿಗೆ ತೊಂದರೆ ಇಲ್ಲ. ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಏನು ಕೇಳಿದರೂ ಪಿ.ಬಿ. ರಸ್ತೆಯ ಒಂದು ಅಂಗಡಿಯಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ. ಸಿಗದೇ ಇರುವುದು ಟೈಮಿಂಗ್ ಲೈಟ್, ಅಂದರೆ ಕಿಡಿ ಬಿದ್ದಾಗಲೆಲ್ಲ ಮಿಂಚಿ, ಅದು ಸರಿಯಾದ ಹೊತ್ತಿಗೆ ಬೀಳುತ್ತಿದೆಯಾ ಅಂತ ತೋರಿಸುವ ದೀಪ. ಅಂಗಡಿಯಲ್ಲೂ ಇಲ್ಲ, ಗ್ಯಾರೇಜಿನಲ್ಲೂ ಇಲ್ಲ. ಪ್ಲಗ್ಗುಗಳಿಗೆ ಸರದಿಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅನ್ನೋದೇ ಈಗಿನ ಗಾಡಿಗಳಲ್ಲಿ ಇಲ್ಲ. ಯಾವಾಗ ಕಿಡಿ ಕೊಡಬೇಕು ಅನ್ನೋದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಮೇಸ್ತ್ರಿ ಆ ಲೈಟ್ ಇಟ್ಟುಕೊಂಡು ಏನು ಮಾಡಬೇಕು?

ನನ್ನ ಗಾಡಿಯ ತಕರಾರು ಇದು. ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು. ನಾಲ್ಕು ಜನ ಕೂತು ಚಿತ್ರದುರ್ಗದ ಕಡೆ ಹೊರಟರೆ, ಏರು ಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಕಟಕಟ ಅನ್ನುತ್ತಿತ್ತು. ಗ್ಯಾರೇಜಿಗೆ ಬಿಟ್ಟೆ. ಡಿಸ್ಟ್ರಿಬ್ಯೂಟರ್ ಕೊಂಚ ತಿರುಗಿಸಿ ಕೊಟ್ಟರು. ಶಬ್ದ ಹೋಯಿತು, ಅದರ ಜೊತೆಗೇ ಪಿಕಪ್ಪೂ ಹೋಯಿತು. ಮತ್ತೆ ಹೋಗಿ ಹೇಳಿದೆ. ಈ ಸಲ ಆ ಕಡೆ ತಿರುಗಿಸಿದರು. ಪಿಕಪ್ ಬಂತು, ಕಟಕಟವೂ ಬಂತು.

"ಎರಡೂ ಬೇಕು ಅಂದ್ರೆ ಹೆಂಗ್ರೀ ಸರ? ಹಳೇ ಗಾಡಿ" ಅಂದರು ಮೇಸ್ತ್ರಿ.

"ಟೈಮಿಂಗ್ ಲೈಟ್ ಇಲ್ವಾ ಮೇಸ್ತ್ರಿ?"

"ಇತ್ರೀ, ಗನ್ ಥರದ್ದು. ಅಂಬಾಸಿಡರ್ ಬರ್ತಿದ್ವಲ್ಲ, ಆವಾಗಿಂದು. ಟ್ಯೂಬ್ ಹೋತು, ಗುಜರಿಗೆ ಹಾಕಿದ್ವಿ. ಈಗ ನಮ್ ಕಿವೀನೇ ಲೈಟು."

ಅವರ ಕಿವಿಯ ಬಗ್ಗೆ ನನಗೆ ಗೌರವ ಇದೆ. ಬಾನೆಟ್ ಎತ್ತುವ ಮೊದಲೇ ಯಾವ ಪ್ಲಗ್ ಹೊಡೀತಿಲ್ಲ ಅಂತ ಹೇಳಬಲ್ಲ ಮನುಷ್ಯ ಅವರು. ಆದರೆ ಟೈಮಿಂಗ್ ವಿಷಯದಲ್ಲಿ ಕಿವಿಗೆ ಒಂದು ಮಿತಿ ಇದೆ. ಕಿಡಿ ತೀರಾ ಬೇಗ ಬಿದ್ದರೆ ಕಟಕಟ, ತಡವಾದರೆ ಪಿಕಪ್ ಇಲ್ಲ. ಕಿಡಿ ಯಾವಾಗ ಬೀಳುತ್ತದೆ ಅನ್ನೋದು ಮೂರು ಲೆಕ್ಕ ಕೂಡಿ ಆಗುವಂಥದ್ದು. ಡಿಸ್ಟ್ರಿಬ್ಯೂಟರ್ ಕೂರಿಸಿದ ಜಾಗ ಒಂದು. ಎಂಜಿನ್ ಜೋರಾದಾಗ ಒಳಗಿನ ತೂಕದ ಗುಂಡುಗಳು ಹೊರಕ್ಕೆ ಸರಿದು ಕಿಡಿಯನ್ನು ಬೇಗ ಮಾಡುವುದು ಎರಡನೆಯದು. ಭಾರ ಕಡಿಮೆ ಇದ್ದಾಗ ವ್ಯಾಕ್ಯೂಮ್ ಡಬ್ಬಿ ಎಳೆದು ಇನ್ನಷ್ಟು ಬೇಗ ಮಾಡುವುದು ಮೂರನೆಯದು. ಕಿವಿಗೆ ಕೇಳಿಸುವುದು ಒಟ್ಟು ಮೊತ್ತ ಮಾತ್ರ. ಬಿಡಿಸಿ ನೋಡಬೇಕು ಅಂದರೆ ಲೈಟೇ ಬೇಕು.

ಕೊಳ್ಳುವುದಾ, ಕಟ್ಟುವುದಾ

ಆನ್‌ಲೈನಿನಲ್ಲಿ ಗನ್ ಮಾದರಿಯ ಲೈಟ್‌ಗಳು ಇವೆ. ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ ಕ್ಲಿಪ್ ಹಾಕಿದರೆ ಸಾಕು, ಪ್ರತಿ ಕಿಡಿಗೂ ಒಂದು ಮಿಂಚು. ಆ ಬೆಳಕಿನಲ್ಲಿ ಎಂಜಿನ್ನಿನ ತಿರುಗುವ ಚಕ್ರದ ಮೇಲಿನ ಗುರುತಿನ ಗೆರೆ ನಿಂತ ಹಾಗೆ ಕಾಣುತ್ತದೆ. ಅದು ಎಲ್ಲಿ ನಿಂತಿತು ಅನ್ನೋದರಿಂದ ಟೈಮಿಂಗ್ ಗೊತ್ತಾಗುತ್ತದೆ. ನನಗೆ ಹಿಡಿಸಿದ್ದರ ಬೆಲೆ ಸಾವಿರಗಳಲ್ಲಿತ್ತು. ವರ್ಷಕ್ಕೊಮ್ಮೆ ಮುಟ್ಟುವ ಸಾಮಾನಿಗೆ ಅಷ್ಟು ಕೊಡೋಕೆ ಮನಸ್ಸು ಬರಲಿಲ್ಲ. ಇನ್ನೊಂದು ಹಳೇ ಕಾಲದ ನಿಯಾನ್ ಲೈಟ್. ಅದನ್ನು ಪ್ಲಗ್ಗಿಗೂ ವೈರಿಗೂ ನಡುವೆ ಸಿಕ್ಕಿಸಬೇಕು. ಅಗ್ಗ ಹೌದು, ಆದರೆ ಕೆಂಪಗೆ ಮಿಣಮಿಣ ಅನ್ನುತ್ತದೆ, ಕತ್ತಲು ಬಿಟ್ಟರೆ ಬೇರೆ ಕಡೆ ಏನೂ ಕಾಣಲ್ಲ.

ಮೊಬೈಲಿನ ಸ್ಟ್ರೋಬ್ ಆ್ಯಪ್ ಸಾಕಲ್ವಾ ಅಂತ ತಮ್ಮ ಕೇಳಿದ. ಸಾಲಲ್ಲ. ಅದು ತನ್ನ ಪಾಡಿಗೆ ತಾನು ಮಿಂಚುತ್ತದೆ, ನಮ್ಮ ಕಿಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಗೆರೆ ನಿಂತ ಹಾಗೆ ಕಂಡರೂ ಅದರಿಂದ ಟೈಮಿಂಗ್ ಗೊತ್ತಾಗಲ್ಲ.

ಬರೀ ಕೂರಿಸುವ ಜಾಗ ನೋಡಬೇಕಿದ್ದರೆ 12 ವೋಲ್ಟಿನ ಒಂದು ಚಿಕ್ಕ ಬಲ್ಬ್ ಸಾಕು. ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿನ ತುದಿಗೆ ಬಲ್ಬಿನ ಒಂದು ಕಾಲು, ಇನ್ನೊಂದು ಕಾಲು ಗಾಡಿಯ ಲೋಹದ ಮೈಗೆ. ಇಗ್ನಿಷನ್ ಆನ್ ಮಾಡಿ ಎಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿದರೆ ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲಿನ ಕರೆಂಟ್ ಕಡಿಯುವ ಸ್ವಿಚ್) ತೆರೆದ ಕ್ಷಣ ಬಲ್ಬ್ ಹತ್ತುತ್ತದೆ. ಕಿಡಿ ಬೀಳುವುದೂ ಅದೇ ಕ್ಷಣ. ಪಾಯಿಂಟ್ ಇರುವ ಗಾಡಿಗೆ ಇದಕ್ಕಿಂತ ಅಗ್ಗದ ಸಾಧನ ಇಲ್ಲ. ಆದರೆ ಇದು ನಿಂತ ಎಂಜಿನ್ನಿನ ಲೆಕ್ಕ. ಓಡುವಾಗ ಗುಂಡುಗಳು ಸರಿಯುತ್ತವೋ ಇಲ್ಲವೋ ಅಂತ ಬಲ್ಬ್ ಹೇಳಲ್ಲ. ನನಗೆ ಅನುಮಾನ ಇದ್ದದ್ದೇ ಅಲ್ಲಿ. ಕಟ್ಟುವುದೇ ಸರಿ ಅನ್ನಿಸಿತು.

ಬೆಳಕು ಎಷ್ಟು ಬೇಕು

ಟೈಮಿಂಗ್ ಲೈಟ್ ಅಂದ ಕೂಡಲೇ ಎಲ್ಲರೂ ಕೇಳುವುದು ಬೆಳಕು ಜೋರಾಗಿದೆಯಾ ಅಂತ. ನಾನು ನೋಡಿದ್ದು ಬೇರೆ: ಮಿಂಚು ಎಷ್ಟು ಚುಟುಕಾಗಿದೆ? 900 ಆರ್‌ಪಿಎಂ ಅಂದರೆ ಸೆಕೆಂಡಿಗೆ 15 ಸುತ್ತು, 5400 ಡಿಗ್ರಿ. ಒಂದು ಮಿಲಿಸೆಕೆಂಡಿನಲ್ಲಿ ಫ್ಲೈವೀಲ್, ಅಂದರೆ ಎಂಜಿನ್ನಿನ ತುದಿಯ ಭಾರದ ಚಕ್ರ, 5.4 ಡಿಗ್ರಿ ತಿರುಗಿಬಿಡುತ್ತದೆ. ಮಿಂಚು ಒಂದು ಮಿಲಿಸೆಕೆಂಡ್ ಇದ್ದರೆ ಗೆರೆ ಅಷ್ಟಗಲ ಬಳಿದುಕೊಂಡ ಹಾಗೆ ಕಾಣುತ್ತದೆ, ಅಳೆಯೋಕೆ ಬರಲ್ಲ. ಅದನ್ನೇ 75 ಮೈಕ್ರೋಸೆಕೆಂಡಿಗೆ ಇಳಿಸಿದರೆ ಮಸುಕು 0.4 ಡಿಗ್ರಿ ಮಾತ್ರ. 3000 ಆರ್‌ಪಿಎಂನಲ್ಲೂ ಒಂದೂಕಾಲು, ಒಂದೂವರೆ ಡಿಗ್ರಿ ಆಸುಪಾಸು. ಇಷ್ಟು ಸಾಕು.

ಇದರ ಇನ್ನೊಂದು ಮುಖ ಅಂದರೆ, ಅಷ್ಟು ಚುಟುಕು ಮಿಂಚು ಕಣ್ಣಿಗೆ ಮಂಕಾಗಿ ಕಾಣುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದನೇ ಪ್ಲಗ್ ಎರಡು ಸುತ್ತಿಗೊಮ್ಮೆ ಹೊಡೆಯುತ್ತದೆ. ಹಾಗಾಗಿ 900ರಲ್ಲಿ ಸೆಕೆಂಡಿಗೆ ಏಳೂವರೆ ಮಿಂಚು ಅಷ್ಟೆ. ಸೆಕೆಂಡಿನಲ್ಲಿ ಎಲ್ಇಡಿ ಉರಿಯುವ ಒಟ್ಟು ಸಮಯ ಅರ್ಧ ಮಿಲಿಸೆಕೆಂಡ್ ಚಿಲ್ಲರೆ. ಕ್ಸೆನಾನ್ ಟ್ಯೂಬಿನ ಗನ್ ಹಗಲಲ್ಲೂ ಕೆಲಸ ಮಾಡುವುದು ಅದರ ಒಂದೊಂದು ಮಿಂಚೂ ಭಾರೀ ಇರುವುದರಿಂದ. ಆದರೆ ಅದಕ್ಕೆ ಒಳಗೆ ನೂರಾರು ವೋಲ್ಟ್ ಬೇಕು. ಅದು ಮನೆಯಲ್ಲಿ ಆಡುವ ಆಟ ಅಲ್ಲ.

ಇಲ್ಲಿ ಮಾರುತಿ ನಮ್ಮ ಕೈ ಹಿಡಿಯುತ್ತದೆ. ಇದರ ಟೈಮಿಂಗ್ ಗುರುತು ಇರುವುದು ಫ್ಲೈವೀಲ್ ಮೇಲೆ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಒಂದು ರಬ್ಬರ್ ಬಿರಡೆ ಇದೆ. ಅದನ್ನು ಕಿತ್ತರೆ ಸಣ್ಣ ಕಿಂಡಿ. ಒಳಗೆ ಗವ್ವೆನ್ನುವ ಕತ್ತಲು. ಆ ಕತ್ತಲಲ್ಲಿ ಮಂಕು ಎಲ್ಇಡಿಯೂ ಧಾರಾಳ ಆಗುತ್ತದೆ. ಬೇರೆ ಕಾರು ಆಗಿದ್ದರೆ ನಾನು ಪ್ರಾಯಶಃ ಗನ್ನೇ ಕೊಳ್ಳುತ್ತಿದ್ದೆ.

ಸರ್ಕ್ಯೂಟ್

ಮೊದಲು ಬ್ರೆಡ್‌ಬೋರ್ಡ್ ಮೇಲೆ ಒಂದೇ ಒಂದು 555 ಚಿಪ್ ಇಟ್ಟು ಮಾಡಿದೆ. ಒಂದು ತುಡಿತ ಕೊಟ್ಟರೆ ನಾವು ಇಟ್ಟಷ್ಟು ಹೊತ್ತು ಮಾತ್ರ ಆನ್ ಆಗುವ ಟೈಮರ್ ಚಿಪ್, 1972ರಲ್ಲಿ ಮಾರುಕಟ್ಟೆಗೆ ಬಂದದ್ದು. ಇವತ್ತಿಗೂ ರೇಡಿಯೋ ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಪ್ಲಗ್ ವೈರಿನಿಂದ ಬಂದ ತುಡಿತ ಒಂದು ಬಿ.ಸಿ. 547 ಟ್ರಾನ್ಸಿಸ್ಟರಿಗೆ, ಅಲ್ಲಿಂದ 555ಕ್ಕೆ, ಅದರಿಂದ ಎಲ್ಇಡಿಗೆ. ಮಿಂಚೇನೋ ಬಂತು, ಗೆರೆಯೂ ಕಂಡಿತು. ಆದರೆ ಒಂದು ಗೆರೆ ಇರಬೇಕಾದ ಕಡೆ ಎರಡು. ಒಂದು ದಪ್ಪ, ಪಕ್ಕದಲ್ಲಿ ಒಂದು ತೆಳು.

ಕಾರಣ ಸರಳ. ಕಿಡಿ ಒಂದು ಚುಕ್ಕೆಯ ಹಾಗೆ ಹುಟ್ಟಿ ಸಾಯುವುದಿಲ್ಲ. ಒಂದು ಮಿಲಿಸೆಕೆಂಡಿನಷ್ಟು ಉರಿಯುತ್ತದೆ, ಆರುವಾಗ ಕಾಯಿಲ್ ಒಳಗೆ ಮತ್ತೆ ಕುಲುಕಾಟ. ಆ ಕುಲುಕಾಟಕ್ಕೆ 555 ಇನ್ನೊಮ್ಮೆ ಎಚ್ಚರ ಆಗುತ್ತದೆ. ಇದಕ್ಕೆ ಮದ್ದು ಎರಡು ಹಂತ. ಮೊದಲ ಹಂತ ತುಡಿತ ಬಂದ ಮೇಲೆ ಸುಮಾರು 16 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಂಡು ಕೂರಬೇಕು. ಎರಡನೇ ಹಂತ ಮಿಂಚು ಕೊಡಬೇಕು. ಎರಡು 555 ಒಂದೇ ಮೈಯಲ್ಲಿ ಇರುವ 556 ಚಿಪ್ ಸಿಗುತ್ತದೆ, ಅದನ್ನೇ ಹಾಕಿದೆ.

ಲೆಕ್ಕ ಎರಡಕ್ಕೂ ಒಂದೇ: ಸಮಯ ಅಂದರೆ 1.1 ಗುಣಿಸು ರೆಸಿಸ್ಟರ್ ಗುಣಿಸು ಕೆಪಾಸಿಟರ್. ಮೊದಲ ಹಂತಕ್ಕೆ 150 ಕಿಲೋ ಓಮ್, 0.1 ಮೈಕ್ರೋಫ್ಯಾರಡ್, ಬಂದದ್ದು 16.5 ಮಿಲಿಸೆಕೆಂಡ್. ಎಂಜಿನ್ 7000 ದಾಟುವವರೆಗೂ ಮುಂದಿನ ಕಿಡಿ ಇದಕ್ಕಿಂತ ಬೇಗ ಬರಲ್ಲ, ಹಾಗಾಗಿ ತಪ್ಪಿಹೋಗುವ ಭಯ ಇಲ್ಲ. ಎರಡನೇ ಹಂತಕ್ಕೆ 6.8 ಕಿಲೋ ಓಮ್, 10 ನ್ಯಾನೋಫ್ಯಾರಡ್, ಬಂದದ್ದು 75 ಮೈಕ್ರೋಸೆಕೆಂಡ್. ಈ ಚಿಪ್ ಎಚ್ಚರ ಆಗುವುದು ವೋಲ್ಟೇಜ್ ಕೆಳಗೆ ಬಿದ್ದಾಗ. ಮೊದಲ ಹಂತದ ಔಟ್‌ಪುಟ್ ಮೇಲೇಳುತ್ತದೆ. ಅದನ್ನು ಉಲ್ಟಾ ಮಾಡೋಕೆ ನಡುವೆ ಇನ್ನೊಂದು ಬಿ.ಸಿ. 547, ಅದರಿಂದ 1 ನ್ಯಾನೋಫ್ಯಾರಡ್ ಮೂಲಕ ಎರಡನೇ ಹಂತಕ್ಕೆ. ಆ ಟ್ರಿಗರ್ ಪಿನ್ನಿಗೆ ಮೇಲಿನಿಂದ 10 ಕಿಲೋ ಓಮ್.

ಚಿಪ್ಪಿಗೆ ಕರೆಂಟ್ ಕಾರಿನ ಬ್ಯಾಟರಿಯಿಂದಲೇ, ಆದರೆ ನೇರ ಅಲ್ಲ. ಕಾರಿನ ಲೈನಿನಲ್ಲಿ ಕೊಳಕು ಜಾಸ್ತಿ. ಒಂದು 1ಎನ್ 4007 ಡಯೋಡ್, ಆಮೇಲೆ 7809 ರೆಗ್ಯುಲೇಟರ್, 100 ಮೈಕ್ರೋಫ್ಯಾರಡ್. ಡಯೋಡ್ ಇದ್ದರೆ ಬ್ಯಾಟರಿ ಕ್ಲಿಪ್ ಅದಲುಬದಲಾದರೂ ಚಿಪ್ ಸುಡಲ್ಲ.

ಎಲ್ಇಡಿ 3 ವ್ಯಾಟಿನ ಬಿಳಿಯದು. ಅದನ್ನು ಆನ್ ಮಾಡೋಕೆ ಐಆರ್‌ಎಫ್‌ಜೆಡ್ 44 ಮಾಸ್ಫೆಟ್, ಎಲ್ಇಡಿಗೆ ಸರಣಿಯಲ್ಲಿ 5.6 ಓಮ್. ಮಿಂಚುವಾಗ ಒಂದೂವರೆ ಆಂಪಿಯರ್ ಮೀರಿ ಹರಿಯುತ್ತದೆ. ಸದಾ ಅಷ್ಟು ಹರಿದರೆ ಎಲ್ಇಡಿ ಉಳಿಯಲ್ಲ. 75 ಮೈಕ್ರೋಸೆಕೆಂಡಿಗೆ ಮೈ ಬೆಚ್ಚಗೂ ಆಗಲ್ಲ. ಏನಾದರೂ ಕೆಟ್ಟು ಎಲ್ಇಡಿ ಹತ್ತಿಕೊಂಡೇ ಉಳಿದರೆ? ಅದಕ್ಕೆ ಆ ಕರೆಂಟನ್ನು ಬ್ಯಾಟರಿಯಿಂದ ನೇರ ಕೊಡಲಿಲ್ಲ. 1000 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರಿನಿಂದ ಕೊಟ್ಟೆ, ಅದಕ್ಕೆ ಬ್ಯಾಟರಿಯಿಂದ 100 ಓಮ್ ಮೂಲಕ ತುಂಬಿಸಿದೆ. ಮಿಂಚಿಗೆ ಬೇಕಾದ್ದು ಕೆಪಾಸಿಟರಿನಲ್ಲಿ ಇದ್ದೇ ಇರುತ್ತದೆ. ಮಾಸ್ಫೆಟ್ ಸಿಕ್ಕಿಕೊಂಡರೂ 100 ಓಮ್ ದಾಟಿ ಬರುವುದು ನೂರು ಮಿಲಿ ಆಂಪಿಯರ್ ಆಸುಪಾಸು ಅಷ್ಟೆ. ಆ ರೆಸಿಸ್ಟರ್ ಮಾತ್ರ 2 ವ್ಯಾಟಿನದು ಇರಲಿ.

ಪಿಕಪ್ ಕ್ಲಿಪ್

ಪ್ಲಗ್ ವೈರಿನ ತುಡಿತ ಹಿಡಿಯುವ ಕ್ಲಿಪ್ ಇದು. ಕೆಲಸದ ಜೀವ ಇರುವುದು ಇಲ್ಲಿ. ಹಳೇ ಪ್ರಿಂಟರ್ ಕೇಬಲಿಗೆ ಕಪ್ಪು ಪ್ಲಾಸ್ಟಿಕ್ಕಿನ ಗಂಟಿನ ಥರ ಒಂದು ಕ್ಲಿಪ್ ಹಾಕಿರುತ್ತಾರೆ. ಟಕ್ ಅಂತ ತೆಗೆದರೆ ಎರಡು ಹೋಳು, ಒಳಗೆ ಎರಡು ಅರ್ಧ ಫೆರೈಟ್ ಕೊಳವೆ. ಪ್ಲಗ್ ವೈರಿನ ದಪ್ಪ 7 ಮಿಲಿಮೀಟರ್ ಆಸುಪಾಸು. ಅದು ಒಳಗೆ ಕೂತು, ಸುತ್ತಿದ ತಂತಿಗೂ ಜಾಗ ಉಳಿಯುವಷ್ಟು ದೊಡ್ಡದನ್ನು ಆರಿಸಬೇಕು.

ಸುತ್ತೋಕೆ ತೆಳು ತಾಮ್ರದ ತಂತಿ. ದಾವಣಗೆರೆ ಸುತ್ತ ಭತ್ತ, ಅಡಿಕೆ ಇರುವವರೆಗೆ ಮೋಟಾರ್ ವೈಂಡಿಂಗ್ ಅಂಗಡಿಗಳಿಗೆ ಬರ ಇಲ್ಲ. "ಎರಡು ಮಾರು ಸಣ್ಣ ತಂತಿ ಕೊಡ್ರಿ ಅಣ್ಣ" ಅಂದರೆ ದುಡ್ಡೂ ತಗೊಳ್ಳಲಿಲ್ಲ, ಯಾವ ಮೋಟರಿಗೆ ಅಂತ ಮಾತ್ರ ಕೇಳಿದರು. ಅರ್ಧ ಕೊಳವೆಯ ಗೋಡೆಗೆ ಹನ್ನೆರಡು ಸುತ್ತು ಸುತ್ತಿದೆ. ಹೋಳುಗಳು ಕೂಡುವ ಅಂಚಿನ ಮೇಲೆ ತಂತಿ ಬರಬಾರದು. ಅಲ್ಲಿ ಕೂದಲೆಳೆ ಸಂದಿ ಉಳಿದರೂ ತುಡಿತ ಸೊರಗುತ್ತದೆ. ಸುತ್ತಿದ ಮೇಲೆ ಅಂಟು ಸವರಿ, ಎರಡೂ ಅಂಚನ್ನು ಉಗುರಿನಲ್ಲಿ ಸವರಿ ನೋಡಿ ನುಣ್ಣಗಿದೆ ಅಂತ ಖಾತ್ರಿ ಮಾಡಿಕೊಂಡು ಕ್ಲಿಪ್ ಮುಚ್ಚಿದೆ.

ಕ್ಲಿಪ್ಪಿನಿಂದ ಲೈಟಿಗೆ ಮೈಕಿಗೆ ಹಾಕುವ ಜಾಲರಿ ವೈರು. ಸಾದಾ ಜೋಡಿ ವೈರು ಹಾಕಿ ನೋಡಿದಾಗ ಮಿಂಚು ಮೂರು ಪಟ್ಟು ಆಯಿತು. ಎಣಿಸಬೇಕಾಗೂ ಇಲ್ಲ, ಕಣ್ಣಿಗೇ ಗೊತ್ತಾಗುತ್ತದೆ. ಏಳೂವರೆಯ ಮಿನುಗು ಬೇರೆ, ಇಪ್ಪತ್ತೆರಡರ ಅದುರು ಬೇರೆ. ಮೂರು ಸಿಲಿಂಡರಿನ ಎಂಜಿನ್, ಪಕ್ಕದ ವೈರುಗಳ ತುಡಿತವೂ ನುಗ್ಗುತ್ತಿತ್ತು. ಜಾಲರಿ ವೈರು ಹಾಕಿ, ಕ್ಲಿಪ್ಪಿನ ಎರಡು ಕಾಲಿನ ನಡುವೆ 220 ಓಮ್ ಕೂರಿಸಿದ ಮೇಲೆ ಸುಮ್ಮನಾಯಿತು. ಟ್ರಾನ್ಸಿಸ್ಟರಿನ ಬೇಸಿಗೆ 1 ಕಿಲೋ ಓಮ್, ಬೇಸಿನಿಂದ ಅರ್ಥ್ ಲೈನಿಗೆ ಉಲ್ಟಾ ಒಂದು 1ಎನ್ 4148 ಡಯೋಡ್. ಮಿಂಚೇ ಬಾರದಿದ್ದರೆ ಕ್ಲಿಪ್ಪನ್ನು ತಿರುಗಿಸಿ ಹಾಕಿ. ತುಡಿತಕ್ಕೆ ದಿಕ್ಕಿದೆ. ನನ್ನದರಲ್ಲಿ ಸರಿಯಾದ ದಿಕ್ಕಿಗೆ ವೈಟ್ನರಿನಲ್ಲಿ ಬಾಣ ಬರೆದಿದ್ದೇನೆ.

ಎಲ್ಲವನ್ನೂ ಒಂದು ಹಳೇ ಪ್ಲಾಸ್ಟಿಕ್ ಟಾರ್ಚಿನೊಳಗೆ ತುರುಕಿದೆ. ಮುಂದಿನ ಗಾಜು ಬೆಳಕನ್ನು ಒಂದು ಕಡೆ ಸೇರಿಸುತ್ತದೆ. ತಗಡಿನ ಟಾರ್ಚ್ ಬೇಡ. ಬ್ಯಾಟರಿ ಹತ್ತಿರ ಕೈ ಜಾರಿದರೆ ಶಾರ್ಟ್ ಆಗುತ್ತದೆ. ಒಟ್ಟು ಖರ್ಚು ಮುನ್ನೂರರ ಆಸುಪಾಸು, ಅದರಲ್ಲೂ ಮೊಸಳೆ ಕ್ಲಿಪ್ಪು, ವೈರುಗಳದ್ದೇ ಜಾಸ್ತಿ.

ಗಾಡಿ ಮೇಲೆ

ಟೈಮಿಂಗ್ ಮುಟ್ಟುವ ಮೊದಲು ಪಾಯಿಂಟ್ ಗ್ಯಾಪ್ ಸರಿ ಮಾಡಬೇಕು. ಗ್ಯಾಪ್ ಜಾಸ್ತಿ ಆದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ತಾನಾಗಿ ಮುಂದಕ್ಕೆ ಹೋಗುತ್ತದೆ. ಮೊದಲು ಟೈಮಿಂಗ್, ಆಮೇಲೆ ಗ್ಯಾಪ್ ಅಂತ ಮಾಡಿದರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಫೀಲರ್ ಗೇಜ್ ಇಟ್ಟು ಪುಸ್ತಕದಲ್ಲಿ ಹೇಳಿದಷ್ಟು ಗ್ಯಾಪ್ ಇಟ್ಟೆ. ರಬ್ಬರ್ ಬಿರಡೆ ಕಿತ್ತು, ಎಂಜಿನ್ ತಿರುಗಿಸಿ ಫ್ಲೈವೀಲಿನ ಗೆರೆಗಳನ್ನು ಕಿಂಡಿಗೆ ತಂದು, ಬಟ್ಟೆಯಲ್ಲಿ ಒರೆಸಿ, ಪುಸ್ತಕ ಹೇಳುವ ಡಿಗ್ರಿಯ ಗೆರೆಗೆ ಕಡ್ಡಿಯಲ್ಲಿ ವೈಟ್ನರ್ ಹಚ್ಚಿದೆ. ಎಷ್ಟು ಡಿಗ್ರಿ ಅನ್ನೋದನ್ನು ನಿಮ್ಮ ಗಾಡಿಯ ಪುಸ್ತಕದಿಂದಲೇ ತಗೊಳ್ಳಿ, ಪಕ್ಕದ ಮನೆಯವರ ಗಾಡಿಯದು ಬೇಡ.

ಲೈಟೇ ಸರಿ ಇದೆಯಾ ಅಂತ ತಿಳಿಯೋಕೆ ಬಲ್ಬಿನ ಉಪಾಯ ಬಳಸಿದೆ. ಬಲ್ಬ್ ಇಟ್ಟು ನಿಂತ ಎಂಜಿನ್ನಿನಲ್ಲಿ ಪಾಯಿಂಟ್ ಎಲ್ಲಿ ತೆರೆಯುತ್ತದೆ ಅಂತ ಗುರುತು ಹಾಕಿಕೊಂಡೆ. ಆಮೇಲೆ ವ್ಯಾಕ್ಯೂಮ್ ಪೈಪ್ ಕಿತ್ತು, ಪೈಪಿನ ಬಾಯಿ ಮುಚ್ಚಿ, ಸ್ಲೋ ರನ್ನಿಂಗಿನಲ್ಲಿ ಲೈಟ್ ಹಿಡಿದೆ. ಗುಂಡುಗಳು ಇನ್ನೂ ಸರಿಯದ ವೇಗದಲ್ಲಿ ಎರಡೂ ಒಂದೇ ಕಡೆ ಬರಬೇಕು. ಬಂದವು. ಲೈಟಿನ ಮೇಲೆ ನಂಬಿಕೆ ಬಂತು.

ಆದರೆ ಆ ಗುರುತು ಪುಸ್ತಕದ ಗೆರೆಯಿಂದ ತುಂಬಾ ಮುಂದೆ ಇತ್ತು. ಮಿಂಚು ಬಿದ್ದಾಗ ಬಿಳಿ ಗೆರೆ ಇನ್ನೂ ಕಿಂಡಿಯ ಅಂಚಿಗೂ ಬಂದಿರಲಿಲ್ಲ. ಅಂದರೆ ಕಿಡಿ ಬಹಳ ಬೇಗ ಬೀಳುತ್ತಿತ್ತು.

ಹಾಗಿದ್ದರೂ ಹಿಂದಕ್ಕೆ ತಂದಾಗ ಪಿಕಪ್ ಯಾಕೆ ಹೋಗುತ್ತಿತ್ತು? ಅದಕ್ಕೆ ಎಂಜಿನ್ ಜೋರು ಮಾಡಿ ನೋಡಬೇಕು. ಕಿಂಡಿ ಚಿಕ್ಕದು, ಗೆರೆ ದೂರ ಓಡಿದರೆ ಕಾಣಲ್ಲ. ಆ ಕೆಲಸಕ್ಕೆ ಇನ್ನೊಂದು ತುದಿಯ ಕ್ರ್ಯಾಂಕ್ ಪುಲ್ಲಿ ಹಿಡಿದೆ. ಅದರ ಸುತ್ತ ಕಾಗದದ ಪಟ್ಟಿ ಸುತ್ತಿ ಸುತ್ತಳತೆ ತೆಗೆದು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಎಷ್ಟು ಮಿಲಿಮೀಟರ್ ಅಂತ ಸಿಗುತ್ತದೆ. ಪುಲ್ಲಿಯ ವ್ಯಾಸ 115 ಮಿಲಿಮೀಟರ್ ಇದ್ದರೆ ಹೆಚ್ಚುಕಮ್ಮಿ ಡಿಗ್ರಿಗೆ ಒಂದು ಮಿಲಿಮೀಟರ್. ಪುಲ್ಲಿ ಮೇಲೆ ಒಂದು ಬಿಳಿ ಗೆರೆ, ಬೆಲ್ಟಿನ ಕವರ್ ಮೇಲೆ ಗೆರೆ ಎಳೆದ ಮಾಸ್ಕಿಂಗ್ ಟೇಪ್. ಇದಕ್ಕೆ ಕತ್ತಲು ಬೇಕು. ಸಂಜೆ ಕರೆಂಟ್ ಹೋದಾಗ ನಮ್ಮ ಓಣಿಯಲ್ಲಿ ಖುಷಿಪಟ್ಟವನು ನಾನೊಬ್ಬನೇ ಇರಬೇಕು.

ತಮ್ಮ ಆಕ್ಸಿಲರೇಟರ್ ನಿಧಾನ ಒತ್ತುತ್ತಾ ಹೋದ. ಗೆರೆ ಕದಲಲಿಲ್ಲ. ಇನ್ನೂ ಒತ್ತಿದ. ಕದಲಲಿಲ್ಲ. ಎಂಜಿನ್ ಚೆನ್ನಾಗಿ ಜೋರಾದ ಮೇಲೆ ಗೆರೆ ಒಮ್ಮೆಲೇ ನೆಗೆದು ಆ ಕಡೆ ಹೋಗಿ ನಿಂತಿತು. ಕಾಲು ತೆಗೆದರೂ ಕೂಡಲೇ ವಾಪಸ್ ಬರಲಿಲ್ಲ, ತಡವಾಗಿ ಜಾರಿ ಬಂತು. ಸರಿ ಇರುವ ಡಿಸ್ಟ್ರಿಬ್ಯೂಟರಿನಲ್ಲಿ ಗೆರೆ ವೇಗದ ಜೊತೆ ಮೆತ್ತಗೆ ಸರಿಯಬೇಕು.

ಬಿಚ್ಚಿದೆ. ಪಾಯಿಂಟ್ ಪ್ಲೇಟಿನ ಕೆಳಗೆ ಗುಂಡುಗಳ ಗೂಟದ ಸುತ್ತ ಗ್ರೀಸ್ ಒಣಗಿ ಕಂದು ಮೇಣ ಆಗಿತ್ತು, ಮಧ್ಯೆ ತುಕ್ಕಿನ ಪುಡಿ. ಬೆರಳಲ್ಲಿ ತಳ್ಳಿದರೆ ಗುಂಡು ಅರ್ಧಕ್ಕೆ ನಿಲ್ಲುತ್ತಿತ್ತು. ಸ್ಪ್ರಿಂಗ್ ಎರಡೂ ಚೆನ್ನಾಗಿದ್ದವು. ಸೀಮೆಎಣ್ಣೆಯಲ್ಲಿ ಹಳೇ ಬ್ರಶ್ ಅದ್ದಿ ತಿಕ್ಕಿ, ಒಣಗಿಸಿ, ಗೂಟಗಳಿಗೆ ಒಂದೊಂದು ಹನಿ ಆಯಿಲ್ ಬಿಟ್ಟೆ. ಜಾಸ್ತಿ ಬಿಟ್ಟರೆ ಹಾರಿ ಪಾಯಿಂಟ್ ಮೇಲೆ ಕೂರುತ್ತದೆ. ವ್ಯಾಕ್ಯೂಮ್ ಡಬ್ಬಿಯ ಪೈಪ್ ಬಾಯಲ್ಲಿ ಹೀರಿ ನಾಲಿಗೆ ಒತ್ತಿ ಹಿಡಿದೆ. ಪ್ಲೇಟ್ ಸರಿದು ಹಾಗೇ ನಿಂತಿತು. ಅದರ ಪೊರೆ ಹರಿದಿಲ್ಲ ಅಂತಾಯಿತು.

ಈಗ ಕಥೆ ಕೂಡಿಬಂತು. ಗುಂಡುಗಳು ಅಂಟಿದ್ದಕ್ಕೆ ಓಡುವಾಗ ಕಿಡಿ ತಡ, ಪಿಕಪ್ ಇಲ್ಲ. ಅದನ್ನು ಸರಿದೂಗಿಸೋಕೆ ಮೇಸ್ತ್ರಿ ಡಿಸ್ಟ್ರಿಬ್ಯೂಟರನ್ನೇ ಮುಂದಕ್ಕೆ ತಿರುಗಿಸಿದ್ದರು. ಏರಿನಲ್ಲಿ ವೇಗ ಕಮ್ಮಿ, ಭಾರ ಜಾಸ್ತಿ. ಅಲ್ಲಿಗೆ ಅಷ್ಟು ಮುಂದೆ ಬೇಕಿರಲಿಲ್ಲ, ಕಟಕಟ ಶುರು. ಅವರ ಕಿವಿ ಕೇಳಿದ್ದು ಸರಿಯೇ ಇತ್ತು.

ಡಿಸ್ಟ್ರಿಬ್ಯೂಟರ್ ಕೂರಿಸಿ, ವ್ಯಾಕ್ಯೂಮ್ ಪೈಪ್ ಬಿಟ್ಟು, ಬೋಲ್ಟ್ ಸಡಿಲ ಇಟ್ಟು, ಲೈಟಿನಲ್ಲಿ ಬಿಳಿ ಗೆರೆ ಕಿಂಡಿಯ ಗುರುತಿಗೆ ಬರುವವರೆಗೆ ಮೈಯನ್ನು ಕೂದಲಷ್ಟು ಕೂದಲಷ್ಟೇ ತಿರುಗಿಸಿದೆ. ಬೋಲ್ಟ್ ಬಿಗಿ ಮಾಡುವಾಗ ಅದು ತುಸು ಸರಿಯುತ್ತದೆ, ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಲೈಟ್ ಹಿಡಿಯಲೇಬೇಕು. ಪುಲ್ಲಿ ಕಡೆ ಗೆರೆ ಈಗ ಕಾಲಿನ ಒತ್ತಡಕ್ಕೆ ತಕ್ಕ ಹಾಗೆ ಸರಿಯಿತು. ಭಾನುವಾರ ನಾಲ್ಕು ಜನ ಕೂತು ಭರಮಸಾಗರ ದಾಟಿ ಚಿತ್ರದುರ್ಗಕ್ಕೆ, ಅಲ್ಲಿಂದ ಜೋಗಿಮಟ್ಟಿ ರಸ್ತೆಯ ಏರಿಗೆ ಬಿಟ್ಟೆವು. ಮೂರನೇ ಗೇರಿನಲ್ಲಿ ಬೇಕಂತಲೇ ಒತ್ತಿ ನೋಡಿದೆ. ಶಬ್ದ ಇಲ್ಲ, ಪಿಕಪ್ ಇದೆ.

ಬೇರೆ ಗಾಡಿಗೆ ಕಟ್ಟುವವರಿಗೆ

ಅಂಬಾಸಿಡರ್, ಪದ್ಮಿನಿಯಂಥ ಗಾಡಿಗಳಲ್ಲಿ ಗುರುತು ಮುಂದಿನ ಪುಲ್ಲಿ ಹತ್ತಿರ, ಬಯಲಲ್ಲಿ. ಅಲ್ಲಿ ಈ ಎಲ್ಇಡಿ ಹಗಲು ನಡೆಯಲ್ಲ. ಎರಡು ಮೂರು ಎಲ್ಇಡಿ ಸರಣಿಯಲ್ಲಿ ಹಾಕಬಹುದು, 5.6 ಓಮನ್ನು ಅದಕ್ಕೆ ತಕ್ಕ ಹಾಗೆ ಇಳಿಸಿ. ಮಿಂಚಿನ ಸಮಯ ಮಾತ್ರ ಹೆಚ್ಚಿಸಬೇಡಿ. ಇನ್ನೊಂದು, ಆ ಗಾಡಿಗಳ ಫ್ಯಾನ್ ಪುಲ್ಲಿಯ ಪಕ್ಕದಲ್ಲೇ ತಿರುಗುತ್ತದೆ. ಸ್ಟ್ರೋಬ್ ಬೆಳಕಿನಲ್ಲಿ ಅದರ ರೆಕ್ಕೆಗಳು ನಿಂತುಬಿಟ್ಟ ಹಾಗೆ ಕಾಣಬಹುದು. ನಿಂತಿರುವುದಿಲ್ಲ. ಟವೆಲ್, ತುಂಬುತೋಳಿನ ಅಂಗಿ, ಕೊರಳ ದಾರ ಎಲ್ಲ ತೆಗೆದಿಟ್ಟು ಬಗ್ಗಿ. ಮಾರುತಿಯಲ್ಲಿ ರೇಡಿಯೇಟರ್ ಫ್ಯಾನ್ ಎಂಜಿನ್ ಬಿಸಿಯಾದರೆ ಹೇಳದೆ ಕೇಳದೆ ಶುರುವಾಗುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಬಿಟ್ಟುಕೊಂಡು ಕೂರಬೇಡಿ, ಹೊಗೆ ಅಪಾಯ.

ಆಮೇಲೆ ಸೇರಿಸಿದ್ದು ಒಂದಿದೆ. ಮೊದಲ ಹಂತದ ಔಟ್‌ಪುಟ್ಟನ್ನು 10 ಕಿಲೋ ಓಮ್ ಮೂಲಕ ಟಾರ್ಚಿನ ಹಿಂದೆ ಒಂದು ಚಿಕ್ಕ ಸಾಕೆಟ್ಟಿಗೆ ತಂದೆ. ಹರ್ಟ್ಸ್ ಅಳೆಯುವ ಮಲ್ಟಿಮೀಟರ್ ಅಲ್ಲಿ ಚುಚ್ಚಿ, ಬಂದ ಸಂಖ್ಯೆಯನ್ನು 120ರಿಂದ ಗುಣಿಸಿದರೆ ಆರ್‌ಪಿಎಂ. 7.5 ತೋರಿಸಿದರೆ 900. ಮೇಸ್ತ್ರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ವೈರು ಗಿಡ್ಡ ಆತು ಸರ. ನಮಗೊಂದು ಮಾಡಿಕೊಡೋದಾದ್ರೆ ಇನ್ನೊಂದು ಮಾರು ಉದ್ದ ಬಿಡ್ರಿ" ಅಂದರು.